ತೆಳುವಿರುವ ಕಡೆ

"ಪರಿಹಾರ ಸಿಗಲಿಲ್ಲ" ಎನ್ನುತ್ತದೆ ಲ್ಯಾಪ್‌ಟಾಪು, ಏಳನೇ ಸಲ.
ಪಡುಕೆರೆಯ ತಾರಸಿ. ಬಿಸು ಕಳೆದು ಎಂಟನೇ ರಾತ್ರಿ, ಒಂದೂ ಮುಕ್ಕಾಲು.
ಒಂದು ಬದಿ ಕಡಲು, ಒಂದು ಬದಿ ಹೊಳೆ,
ನಡುವೆ ಉಪ್ಪಿನ ಇಬ್ಬನಿ ಕೂತ ಲೆನ್ಸು.
ಅದರ ಕೊರಳಿಗೆ ಬಿಸಿಪಟ್ಟಿ ಸುತ್ತಿದ್ದೇನೆ
ಶೀತವಾದ ಮಗುವಿಗೆ ಮಫ್ಲರ್ ಸುತ್ತುವ ಹಾಗೆ.

ಕೇಳಿದ್ದು ಇಷ್ಟೇ:
ಈ ಚಿತ್ರ ಆಕಾಶದ ಯಾವ ಜಾಗದ್ದು, ಹೇಳು.
ಅದು ನಾಲ್ಕು ನಾಲ್ಕು ಚುಕ್ಕಿ ಹಿಡಿದು ಆಕಾರ ಕಟ್ಟುತ್ತದೆ,
ತನ್ನ ಪಟ್ಟಿಯ ಆಕಾರಗಳ ಮೇಲಿಟ್ಟು ನೋಡುತ್ತದೆ,
ಕೂಡದಿದ್ದರೆ ಬಿಡುತ್ತದೆ, ಇನ್ನೊಂದು ನಾಲ್ಕು.
ಕಳೆದ ತಿಂಗಳು ಸಿಂಹದ ಕಡೆ, ಅಲ್ಲಿ ಚುಕ್ಕಿಗಳಿಗೇ ಬಡತನ,
ಎರಡು ಸೆಕೆಂಡಿಗೆ ಉತ್ತರ ಕೊಟ್ಟಿತ್ತು.
ಇವತ್ತು ಧನುವಿನ ಕಡೆ,
ಆಕಾಶಗಂಗೆಯ ಹೊಟ್ಟೆ.
ಒಂದೇ ಚಿತ್ರದಲ್ಲಿ ಹನ್ನೊಂದು ಸಾವಿರದ ನಾನೂರು,
ಮಲ್ಪೆ ಬಂದರಿನಲ್ಲಿ ಬೂತಾಯಿ ಸುರಿದ ಹಾಗೆ,
ಒಂದರ ಮೈಮೇಲೆ ಒಂದು,
ತಲೆ ಯಾವುದರದ್ದು, ಬಾಲ ಯಾವುದರದ್ದು.

ಮೊದಲು ಅದನ್ನೇ ಬೈದೆ.
ಆಮೇಲೆ ಎಕ್ಸ್‌ಪೋಷರ್ ಹೆಚ್ಚಿಸಿದೆ, ಮೂವತ್ತು, ಅರವತ್ತು, ತೊಂಬತ್ತು.
ಕಾಣದಿದ್ದರೆ ಬೆಳಕು ಹೆಚ್ಚಿಸುವುದಲ್ಲವೇ ಎಲ್ಲರೂ ಮಾಡುವುದು.
ಚುಕ್ಕಿ ಇಪ್ಪತ್ತು ಸಾವಿರವಾಯಿತು. ಉತ್ತರ ಮಾತ್ರ ಅದೇ.

ಆಗ ನೆನಪಾದದ್ದು ಬೆನೆಡಿಕ್ಟಾ ಕ್ರಾಸ್ತಾ ಮೇಡಂ.
ಲ್ಯಾಬಿನಲ್ಲಿ ನನ್ನ ಮೊದಲ ವಾರ,
ರಕ್ತ ಸವರಿದ ಗಾಜಿನ ದಪ್ಪ ತುದಿಯಲ್ಲಿ
ಕಣ ಎಣಿಸುತ್ತ ನಾನು ಬೆವರುತ್ತಿದ್ದಾಗ
ಹಿಂದಿನಿಂದ ಕೈ ಹಾಕಿ ಸ್ಲೈಡು ಸರಿಸಿದರು:
"ಗುಂಪಲ್ಲಿ ಯಾರ ಮುಖವೂ ಕಾಣುದಿಲ್ಲ ಮಾರಾಯ್ತಿ,
ತೆಳುವಿರುವ ಕಡೆ ಹೋಗು."

ನಾಲ್ಕು ಸೆಕೆಂಡಿಗೆ ಇಳಿಸಿದೆ.
ನಾಲ್ಕು ಪಿಕ್ಸೆಲ್ಲನ್ನು ಕೂಡಿಸಿ ಒಂದು ಮಾಡಿದೆ.
ಇಷ್ಟಕ್ಕಿಂತ ಮಂಕಾದದ್ದನ್ನು ಚುಕ್ಕಿಯೆಂದು ಎಣಿಸಬೇಡ ಎಂದೆ,
ಎನ್ನುವಾಗ ಒಳಗೆಲ್ಲೋ ಚುರ್ ಎಂದಿತು.
ಉಳಿದವು ಐನೂರು.
ಆದರೂ ಇಲ್ಲ.

ಎರಡೂವರೆ. ಪಡುವಣದಲ್ಲಿ ಬೊಂಡಾಸದ ದೋಣಿಗಳು
ದೀಪ ಹಚ್ಚಿಕೊಂಡು ತಾವೇ ಒಂದು ರಾಶಿಯಾಗಿ ಕೂತಿವೆ.
ಸೆಟ್ಟಿಂಗಿನ ಪುಟವನ್ನು ಮತ್ತೆ ಓದಿದೆ,
ಈ ಸಲ ಕೆಳಗಿನಿಂದ ಮೇಲಕ್ಕೆ, ಬೆರಳಿಟ್ಟು.
ಫೋಕಲ್ ಲೆಂತ್: ನಾನೂರು.
ನಾನೂರು ಹೌದು, ಮೊನ್ನೆಯ ತನಕ.
ಕಟಪಾಡಿಯ ಇರ್ಷಾದನಿಂದ ರೆಡ್ಯೂಸರ್ ಕೇಳಿ ತಂದವಳು ನಾನೇ,
ಸಂಜೆ ತಿರುಗಿಸಿ ಕೂರಿಸಿದವಳೂ ನಾನೇ.
ತಪ್ಪು ಅಳತೆಕೋಲು ಕೊಟ್ಟು
ಇಡೀ ಆಕಾಶ ಅಳೆದು ಬಾ ಎಂದು ಕಳಿಸಿದ್ದೆ.
ಮುನ್ನೂರ ಇಪ್ಪತ್ತು ಎಂದು ತಿದ್ದಿದೆ.
ಹುಡುಕುವ ವ್ಯಾಪ್ತಿ ಮೂವತ್ತು ಡಿಗ್ರಿಗೆ ಅಗಲಿಸಿದೆ.

ನಲವತ್ತು ಸೆಕೆಂಡು.
ಸಿಕ್ಕಿತು.

ಸಿಕ್ಕಿದ್ದು ಧನು ಅಲ್ಲ.
ಹನ್ನೊಂದು ಡಿಗ್ರಿ ಆಚೆ, ಚೇಳಿನ ಬಾಲದ ಕೊಂಡಿಯ ಪಕ್ಕ.
ಧ್ರುವ ಇಲ್ಲಿ ಹದಿಮೂರೇ ಡಿಗ್ರಿ ಎತ್ತರ,
ಬಂದರಿನ ಬೆಳಕಲ್ಲಿ ಮುಳುಗಿರುತ್ತಾನೆ.
ಅದಕ್ಕೇ ಫೋನಿನ ದಿಕ್ಸೂಚಿ ನಂಬಿದ್ದೆ,
ನೀರಿನ ಟ್ಯಾಂಕಿಯ ಕಬ್ಬಿಣದ ಕಾಲಿಗೆ ಒರಗಿ ನಿಂತು!

ಚೇಳಿನ ಬಾಲವೆಂದರೆ ಮೂಲಾ.
ನನ್ನ ನಕ್ಷತ್ರ.
ಮಾವನಿಗೆ ಆಗುವುದಿಲ್ಲ ಎಂದು
ಉದ್ಯಾವರದವರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದದ್ದು,
ಕಾಪುವಿನವರು ಆಮೇಲೆ ಫೋನೇ ಎತ್ತದ್ದು.
ಪಂಚಾಂಗಕ್ಕೆ ಅದು ಒಂದು ಸಾಲು.
ಪರದೆಯ ಮೇಲೆ ಇಷ್ಟೊಂದು.
ಇವುಗಳಲ್ಲಿ ಯಾವುದಂತೆ ಮಾವನನ್ನು ಕೊಲ್ಲುವುದು?
ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ನೀಲಿ, ಅರಿಶಿನ, ಒಂದು ಕೆಂಪಗಿನದು.
ಪಾಪದವು.

ಧನುವಿಗೆ ತಿರುಗಿಸಲಿಲ್ಲ.
ಮಂಕಾದವೂ ಬರಲಿ ಎಂದು
ಎಕ್ಸ್‌ಪೋಷರ್ ಮತ್ತೆ ಮೂರು ನಿಮಿಷಕ್ಕೆ ಏರಿಸಿ
ಚಾದರ ಹೊದ್ದು ಕೂತೆ.

ನಾಲ್ಕೂವರೆಗೆ ಅಮ್ಮ ಮೆಟ್ಟಿಲ ಮೇಲೆ: "ಗಂಟೆ ಏತಾಂಡ್?"
ಕನ್ನಡಕವಿಲ್ಲದೆ ಪರದೆಗೆ ಬಗ್ಗಿ,
"ಯಾವುದಿದು, ಇಷ್ಟು ಚಂದ?"
"ಮೂಲಾ" ಎಂದೆ.
ಅಮ್ಮ ಆಚೆಮನೆಯ ಕಿಟಕಿಯ ಕಡೆ ನೋಡಿದಳು.
"ಮೆಲ್ಲ ಹೇಳು."