ಫ್ರೀಜರಿನಲ್ಲಿ ಎರಡು ಚಮಚ

ಐದೂವರೆಗೆ ಮನೆ ಸೇರಿದೆ, ಚಪ್ಪಲಿ ಕೈಯಲ್ಲಿ.
ಅಲ್ಫಾಮಾದ ಮೆಟ್ಟಿಲುಗಳು ಅರವತ್ತೆಂಟರ ಮಂಡಿಗೆ
ಒಂದೂ ಬಿಡದೆ ಲೆಕ್ಕ ಒಪ್ಪಿಸಿದವು.
ಹತ್ತಕ್ಕೆ ತೆಲ್ಮಾ ಬರುತ್ತಾಳೆ,
ಅಮ್ಮ ಒಂಬತ್ತಕ್ಕೆಲ್ಲ ದೀಪ ಆರಿಸುತ್ತಾಳೆಂದು ನಂಬಿರುವ ಮಗಳು,
ರಕ್ತದೊತ್ತಡದ ಗುಳಿಗೆಗಳನ್ನು ಏಳು ಮನೆಯ ಡಬ್ಬಿಯಲ್ಲಿ
ವಾರಕ್ಕೊಮ್ಮೆ ಜೋಡಿಸಿಟ್ಟು ಹೋಗುವವಳು.

ಅವಳಿಗೆ ಹೇಳಲೇ,
ನಿನ್ನೆ ಸಂತ ಅಂತೋನಿಯ ರಾತ್ರಿ,
ಓಣಿ ಓಣಿಯಲ್ಲೂ ಕೆಂಡದ ಮೇಲೆ ಸಾರ್ಡೀನು ಚಟಪಟ ಅಂದವು,
ಟ್ರಾಮ್ ರಿಪೇರಿಯ ಒರಾಸಿಯೊ,
ಮಂಡಿಗೆ ಉಕ್ಕಿನ ಕೀಲು ಹಾಕಿಸಿಕೊಂಡವನು,
ನಾಲ್ಕರವರೆಗೂ ನನ್ನನ್ನು ಕೂರಲು ಬಿಡಲಿಲ್ಲ ಎಂದು?

ಬೇಡ.
ಸುಳ್ಳಿಗೆ ನಾಲ್ಕೂವರೆ ತಾಸಿದೆ, ಸಾಕು.
ಗ್ರಾಸಾ ಗುಡ್ಡದ ಸಲೂನಿನಲ್ಲಿ ಮೂವತ್ತೊಂದು ವರ್ಷ
ಮದುವಣಗಿತ್ತಿಯರ ನಿದ್ದೆಗೆಟ್ಟ ಮುಖ ತಿದ್ದಿದವಳು ನಾನು.
ಬೆಳಗಿನ ಜಾವ ಮನಸ್ಸು ಬದಲಿಸಿ ಅತ್ತವರನ್ನೂ
ಮಧ್ಯಾಹ್ನಕ್ಕೆ ಚರ್ಚಿಗೆ ಕಳಿಸಿಕೊಟ್ಟಿದ್ದೇನೆ,
ಹನ್ನೆರಡು ತಾಸು ಮಲಗೆದ್ದವರ ಹಾಗೆ.
(ಮಾಡಬಾರದಿತ್ತೇನೋ, ಒಬ್ಬಿಬ್ಬರ ವಿಷಯದಲ್ಲಿ.)

ಚಮಚ ಫ್ರೀಜರಿಗೆ. ನಾಲ್ಕು.
ಎರಡು ಕಣ್ಣಿಗೆ, ಎರಡು ಅವುಗಳ ಪಾಳಿಗೆ.
ಅಲ್ಲಿಯವರೆಗೆ ತಲೆ ಜೋಡಿದಿಂಬಿನ ಮೇಲೆ;
ಚಪ್ಪಟೆ ಮಲಗಿದರೆ ರೆಪ್ಪೆಯಡಿ ನೀರು ಬಿಡಾರ ಹೂಡುತ್ತದೆ.
ನೆನೆಸಿ ತಣಿಸಿದ ಚಹಾ ಚೀಲ, ಕುಡಿಯಲಿಕ್ಕಲ್ಲ.
ಸೌತೆಕಾಯಿ?
ಅದನ್ನು ಉಪ್ಪು ಹಚ್ಚಿ ತಿಂದೆ.

ಕಣ್ಣಡಿಯ ನೀಲಿಗೆ ಬಿಳಿ ಬಳಿಯುವವರು ಹೊಸಬರು,
ಒಲೆಯಿಂದ ಎದ್ದುಬಂದ ಬೆಕ್ಕಿನ ಹಾಗೆ ಕಾಣುತ್ತಾರೆ.
ನೀಲಿಯನ್ನು ತಿನ್ನುವುದು ಕಿತ್ತಳೆ ಬಣ್ಣ.
ಉಂಗುರಬೆರಳಲ್ಲಿ ತಟ್ಟಬೇಕು,
ಅದೊಂದು ಬೆರಳಿಗೆ ಜೋರು ಮಾಡಲು ಬರುವುದಿಲ್ಲ.
ನನ್ನದರಲ್ಲಿ ಈಗ ಉಂಗುರವೂ ಇಲ್ಲ,
ಇನ್ನಷ್ಟು ಹಗುರ.
ಕೆಳರೆಪ್ಪೆಯ ಒಳಂಚಿಗೆ ಕಪ್ಪು ಬೇಡ, ಕೆನೆಬಣ್ಣದ ಪೆನ್ಸಿಲ್:
ಕೆಂಪು ಅಡಗುತ್ತದೆ, ಕಣ್ಣು ಒಂದು ಕಾಳಿನಷ್ಟು ದೊಡ್ಡದಾಗುತ್ತದೆ.
ತುಟಿಗೆ ಗಾಢ ರಂಗು,
ನೋಡುವವರ ನೋಟ ಅಲ್ಲೇ ಸಿಕ್ಕಿಹಾಕಿಕೊಳ್ಳಲಿ.

ಪರದೆ ಅರ್ಧ ಎಳೆದೆ, ಜೂನಿನ ಬೆಳಕು ಚಾಡಿಕೋರ.
ಒರಾಸಿಯೊ ಕೊಟ್ಟ ಕಾಮಕಸ್ತೂರಿಯ ಪುಟ್ಟ ಕುಂಡವನ್ನು,
ಅದಕ್ಕೆ ಸಿಕ್ಕಿಸಿದ ಕಾಗದದ ಬಾವುಟ,
ಬಾವುಟದ ಮೇಲಿನ ನಾಲ್ಕು ಸಾಲು ಪೋಲಿ ಪದ್ಯದ ಸಮೇತ
ಬಟ್ಟೆ ಒಗೆಯುವ ಯಂತ್ರದ ಹಿಂದೆ ತಳ್ಳಿದೆ.

ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಕರೆಗಂಟೆ.
“ಚೆನ್ನಾಗಿ ಮಲಗಿದೆಯಾ ಅಮ್ಮಾ?”
“ಕಲ್ಲಿನ ಹಾಗೆ. ನೀನು?”
“ನಾನೂ.”

ಹೊಸಿಲ ಮೇಲೆ ನಿಂತಾಗಲೇ ಕಂಡೆ.
ಒಳಂಚಿನ ಕೆನೆಬಣ್ಣದ ಗೆರೆ.
ಉಂಗುರಬೆರಳು ತಟ್ಟಿದ ಕಿತ್ತಳೆ,
ಒರೆಸಿ ಒರೆಸಿ ಕೆಂಪೇರಿದ ಮೂಗಿನ ಪಕ್ಕ ಒಂದು ಪದರ ಹೆಚ್ಚು.
ಎಂದೂ ಹಚ್ಚದವಳ ತುಟಿಯಲ್ಲಿ ಗಾಢ ರಂಗು.
ನನ್ನದೇ ಕೈಬರಹದ ಸುಳ್ಳನ್ನು
ನನಗೇ ತಂದು ಒಪ್ಪಿಸಿದ್ದಾಳೆ.

ರುಯಿ ಬರಲಿಲ್ಲವೇ ಎಂದು ಕೇಳಲು ಬಾಯಿ ತೆರೆದು
ಕಾಫಿ ಕುಡೀತೀಯಾ ಅಂದೆ.

ಕಾಫಿ ಉಕ್ಕುವ ಮೊದಲೇ ಅವಳು
ಸೋಫಾದ ಮೇಲೆ ಕಾಲು ಮಡಚಿಕೊಂಡಿದ್ದಳು.
ಫ್ರೀಜರ್ ತೆರೆದೆ.
ಪಾಳಿಯ ಚಮಚ ಎರಡೂ ಹಾಗೇ ಇದ್ದವು.
ಇದೇಕೆ ಇಲ್ಲಿ, ಅಂತ ಅವಳು ಕೇಳಲಿಲ್ಲ.
ಕಣ್ಣು ಮುಚ್ಚಿ ಮುಖ ಒಡ್ಡಿದಳು,
ಆರು ವರ್ಷದವಳಿದ್ದಾಗ
ಸೋಪಿನ ನೊರೆ ತೊಳೆಯಲು ಒಡ್ಡುತ್ತಿದ್ದ ಹಾಗೆ.

ಚಮಚದ ಮೇಲಿನ ಹಿಮ ಕರಗಿದರೆ ಒಂದು ಹನಿ,
ಹೆಚ್ಚೆಂದರೆ ಎರಡು.
ಈ ಕಸುಬಿನಲ್ಲಿ ಅಷ್ಟು ನನಗೆ ಗೊತ್ತು.
ಕಿವಿಯವರೆಗೂ ಹರಿದದ್ದನ್ನು
ಅಂಗೈಯಂಚಿನಲ್ಲಿ ಒರೆಸಿದೆ, ಕಿತ್ತಳೆ ಅಂಟಿತು.
ಒಲೆಯ ಮೇಲೆ ಕಾಫಿ ಸೀದ ವಾಸನೆ.
ಬಗ್ಗಿದವಳು ಬಗ್ಗಿಯೇ ಇದ್ದೆ.

“ಅಮ್ಮಾ,” ಅಂದಳು, ಚಮಚಗಳ ಕೆಳಗಿನಿಂದ,
“ನಿನ್ನ ಕೂದಲೆಲ್ಲ ಸಾರ್ಡೀನು.”