ಐದರಲ್ಲಿ ನಾಲ್ಕು

ನ್ಯೂಕಾಸಲ್‌ನಿಂದ ಬಂದ ಕಾಗದ ಹೇಳುತ್ತದೆ:
ಪೂರ್ತಿ ಪಿಂಚಣಿಗೆ ಮೂವತ್ತೈದು ಬೇಕು, ನಿಮ್ಮದು ಮೂವತ್ತೊಂದು.
ಐದು ವರ್ಷಗಳ ಎದುರು ಒಂದೇ ಮಾತು: ಖಾಲಿ.
ನಾಲ್ಕನ್ನು ಕೊಂಡರೆ ಸಾಕು, ಮೋರ್ವೆನ್ ಅವರೇ,
ಯಾವ ನಾಲ್ಕು ಎಂಬುದು ನಿಮ್ಮಿಷ್ಟ.

ಕಳೆದ ವರ್ಷಕ್ಕೂ ಕ್ರಯವಿದೆಯೆಂದು
ಅರವತ್ತೆರಡರಲ್ಲಿ ಗೊತ್ತಾಯಿತು ನನಗೆ.

ಸಾಂತಾ ಲುಝಿಯಾದ ಕಟ್ಟೆಯ ಮೇಲೆ
ಆಕ್ಟೋಪಸ್ ಹಿಡಿಯುವ ಮಣ್ಣಿನ ಕುಡಿಕೆಗಳು
ಹಗ್ಗಕ್ಕೆ ಸಾಲಾಗಿ ಬಿಗಿಸಿಕೊಂಡು ಒಣಗುತ್ತಿವೆ.
ಕನ್ನಡಕ ಒರೆಸಿ ಮತ್ತೆ ಓದಿದೆ.

ಹೋಟೆಲಿನ ಹಾಸಿಗೆ ಬದಲಿಸಿದ ವರ್ಷ,
ಕೈಗೆ ಕಾಸು, ರಸೀತಿ ಇಲ್ಲ. ಕೊಳ್ಳುತ್ತೇನೆ.
ಬೆನ್ನು ಹಿಡಿದು ಮಲಗಿದ್ದು, ಅದನ್ನೂ.
ಡಂಡೀಯಲ್ಲಿ ಅಮ್ಮ ಹೋದಾಗ ಟಿಕೆಟ್ ಸಿಗದೆ
ಫಾರೋ ವಿಮಾನ ನಿಲ್ದಾಣದಲ್ಲಿ ಕೂತು ಬೆಳಗು ಮಾಡಿದ್ದು,
ಅದಕ್ಕೆ ಎಂಟುನೂರು ಪೌಂಡು, ಮೇಲೆ ಚಿಲ್ಲರೆ.
ಇನ್ನೊಂದು ನೆನಪೇ ಇಲ್ಲ;
ನೆನಪಿಲ್ಲದ್ದಕ್ಕೂ ಅದೇ ದರ.

ಉಳಿದದ್ದು ಅನಿಸೆಟೊ ಬಂದ ವರ್ಷ.
ನಸುಕಿಗೆ ದೋಣಿ, ಮಧ್ಯಾಹ್ನ ಅವನ ಉಪ್ಪು ಹಿಡಿದ ಅಂಗಿ,
ಸಂಜೆ ಜಗಳ. ಅವನ ಭಾಷೆಯಲ್ಲಿ
ನನಗಾಗ ಬೈಗುಳವಷ್ಟೇ ಬರುತ್ತಿತ್ತು.
ದುಡಿದದ್ದು ಏನೂ ಇಲ್ಲ. ಸರಕಾರದ ಲೆಕ್ಕ ಸರಿ.

ಅವನೇ ಹೇಳಿದ್ದ: ಕುಡಿಕೆಯೊಳಗೆ ಏನನ್ನೂ ಇಡುವುದಿಲ್ಲ,
ಎರೆ ಕೂಡ. ಬರಿದಾಗಿದೆ ಅಂತಲೇ
ಅದು ತಾನಾಗಿ ಬಂದು ಒಳಗೆ ಕೂರುತ್ತದೆ,
ಮೇಲೆಳೆದರೂ ಬಿಟ್ಟು ಹೋಗುವುದಿಲ್ಲ.

ನಾಲ್ಕರ ಮುಂದೆ ಗೀಟು ಹಾಕಿದೆ.
ಬ್ಯಾಂಕು ಮೂರಕ್ಕೆ ಮುಚ್ಚುತ್ತದೆ.