ಕ್ಯಾಪ್ಟಿವೇಟಿಂಗ್

ಆನೆ ಶಿಬಿರದ ಅಭಿಪ್ರಾಯ ಪುಸ್ತಕದಲ್ಲಿ
ಈ ವಾರ ಒಂಬತ್ತು ಸಲ ಅದೇ ಪದ.
ದೋಣಿಯ ಟಿಕೆಟ್ ಹರಿಯುವ ನಾನು
ಪಿಯುಸಿ ದಾಟಿದವಳೆಂದು
ಮಾವುತ ಜಡಿಯ ಕೇಳುತ್ತಾನೆ:
"ಏನವ್ವಾ ಹಂಗಂದ್ರೆ? ಬೈದಿದ್ದಾರಾ?"

ಇಲ್ಲ ಮಾರಾಯ, ಹೊಗಳಿದ್ದು.
ನೋಡಿದರೆ ಕಣ್ಣು ಕೀಳಲಾಗದ್ದಕ್ಕೆ ಹೇಳುವುದು.
ಸಂಜೆಯ ಕಾವೇರಿಗೆ, ಮರಿಯಾನೆಯ ಸ್ನಾನಕ್ಕೆ,
ಬೇಕಾದರೆ ಮದುಮಗಳ ನಗುವಿಗೂ ಹಚ್ಚಬಹುದು.
ಊಟಕ್ಕೆ ಹಚ್ಚಬಾರದು,
ಪಂದಿಕರಿಗೆ ಬೇರೆ ಪದಗಳಿವೆ.

"ಬಿಡಿಸಿ ಹೇಳು."

ಬಿಡಿಸಿದೆ, ಹಲಸಿನ ತೊಳೆ ಬಿಡಿಸಿದ ಹಾಗೆ.
ಒಳಗೆ ಕೂತಿತ್ತು ಒಂದು ಸೆರೆ.

ಜಡಿಯ ನಗಲಿಲ್ಲ. ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಕ್ರಾಲಿನತ್ತ ನೋಡಿದ. ದಿಮ್ಮಿಗಳ ನಡುವೆ
ಚೆಟ್ಟಳ್ಳಿಯ ಕಾಫಿತೋಟದಲ್ಲಿ ಮೊನ್ನೆ ಹಿಡಿದ ಸಲಗ,
ಇನ್ನೂ ಹೆಸರಿಟ್ಟಿಲ್ಲ,
ರಾಗಿಮುದ್ದೆ ಮೂಸಿ, ಎಸೆದು,
ಎಸೆದದ್ದನ್ನೇ ಮತ್ತೆ ಹುಡುಕುತ್ತಿತ್ತು.

"ಹಂಗಾದ್ರೆ ಸರಿಯಾಗೇ ಬರೆದಿದ್ದಾರೆ.
ನಿಮ್ಮ ಕನ್ನಡದಲ್ಲಿ ಏನಂತೀರಿ?"

ಮನಸೂರೆಗೊಳ್ಳುವ, ಅಂದೆ.
ಅಂದಮೇಲೆ ನನಗೇ ಕೇಳಿಸಿತು: ಸೂರೆ.
ಅವರದು ಹಿಡಿದು ಕಟ್ಟುತ್ತದೆ,
ನಮ್ಮದು ದೋಚಿಕೊಂಡು ಓಡುತ್ತದೆ.
ಚೆಲುವಿನೆದುರು ಬರಿಗೈಲಿ ನಿಂತ ಪದ
ಯಾವ ಭಾಷೆಯಲ್ಲಾದರೂ ಇದೆಯೋ ಏನೋ,
ನನ್ನ ಪಿಯುಸಿಗೆ ಸಿಗಲಿಲ್ಲ.

ಐದೂವರೆಯ ಕೊನೆಯ ದೋಣಿ.
ಒದ್ದೆ ಫ್ರಾಕಿನ ಹುಡುಗಿಯೊಬ್ಬಳು ಪೆನ್ನು ಕಚ್ಚುತ್ತ
ಅದೇ ಪದದ ಸ್ಪೆಲಿಂಗ್ ಕೇಳಿದಳು.
ಹೇಳಿಕೊಟ್ಟೆ, ಒಂದೊಂದೇ ಅಕ್ಷರ.

ಅತ್ತ ದಿಮ್ಮಿಗಳ ಸಂದಿಯಲ್ಲಿ ಬೆಲ್ಲ ಹಿಡಿದು
ಜಡಿಯ, ಹೆಸರಿಲ್ಲದ್ದಕ್ಕೆ
ಮೊದಲ ಪದ ಕಲಿಸುತ್ತಿದ್ದ:
ಬೈಟ್. ಬೈಟ್.